ಅಸೆಸರರು ನಿರ್ದೋಷಿ ಎಂದರೂ ಶಿಕ್ಷೆ ಹೇಗಾಯಿತು?

ಪ್ರಶ್ನೆ: ನಮ್ಮ ಮುತ್ತಜ್ಜನ ಮೇಲೆ 1911ರಲ್ಲಿ ಧಾರವಾಡದ ಸೆಷನ್ಸ್ ಕೋರ್ಟಿನಲ್ಲಿ ದರೋಡೆಯ ಖಟ್ಲೆ ನಡೆದಿತ್ತು. ಹಳೆಯ ಟ್ರಂಕಿನಲ್ಲಿ ತೀರ್ಪಿನ ನಕಲು ಸಿಕ್ಕಿದೆ. ನ್ಯಾಯಾಧೀಶರ ಜತೆ ಕುಳಿತು ಅಭಿಪ್ರಾಯ ಹೇಳುವ ಇಬ್ಬರು ಅಸೆಸರರೂ ಆತನನ್ನು ನಿರ್ದೋಷಿ ಎಂದಿದ್ದಾರೆ. ಮರುಪುಟದಲ್ಲೇ ನ್ಯಾಯಾಧೀಶರು ಐದು ವರ್ಷ ಸಕ್ತಮಜೂರಿ ಶಿಕ್ಷೆ ಕೊಟ್ಟಿದ್ದಾರೆ. ಇದು ಕಾನೂನಿಗೆ ಸರಿಯೇ? ಟಿಳಕರಿಗೆ ಜೂರಿ ಇತ್ತಲ್ಲ, ನಮ್ಮವರಿಗೆ ಏಕಿರಲಿಲ್ಲ? (ಓದುಗರು, ಹಾವೇರಿ)

ಉತ್ತರ: ಅಂದಿನ ಕಾನೂನಿನಂತೆ ಸರಿಯೇ. ಆಗ ಜಾರಿಯಲ್ಲಿದ್ದದ್ದು 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್. ಅದರ 268ನೆಯ ಕಲಮಿನ ಪ್ರಕಾರ ಸೆಷನ್ಸ್ ಕೋರ್ಟಿನ ವಿಚಾರಣೆ ಒಂದೋ ಜೂರಿಯ (ದೋಷಿಯೋ ನಿರ್ದೋಷಿಯೋ ಎಂದು ನಿರ್ಣಯ ಕೊಡುವ ನಾಗರಿಕರ ಮಂಡಳಿಯ) ಮುಂದೆ, ಇಲ್ಲವೇ ಅಸೆಸರರ ನೆರವಿನಿಂದ ನಡೆಯಬೇಕಿತ್ತು. ಯಾವ ಜಿಲ್ಲೆಯಲ್ಲಿ ಯಾವ ಅಪರಾಧಗಳು ಜೂರಿಗೆ ಹೋಗಬೇಕೆಂಬುದನ್ನು ಪ್ರಾಂತ ಸರಕಾರವು ಗೆಜೆಟಿನಲ್ಲಿ ಆದೇಶ ಹೊರಡಿಸಿ ಗೊತ್ತುಮಾಡುತ್ತಿತ್ತು. ಆದೇಶವಿಲ್ಲದ ಕಡೆ ಅಸೆಸರರೇ ಗತಿ. ಒಂದೇ ಖಟ್ಲೆಯಲ್ಲಿ ಎರಡೂ ಬಗೆಯ ಆರೋಪಗಳಿದ್ದರೆ, ಕುಳಿತ ಮಂದಿಯೇ ಒಂದು ಆರೋಪಕ್ಕೆ ಜೂರಿಗಳಾಗಿ, ಮತ್ತೊಂದಕ್ಕೆ ಅಸೆಸರರಾಗಿ ಕೆಲಸ ಮಾಡುವ ವಿಚಿತ್ರವೂ ಆ ಕೋಡಿನಲ್ಲಿತ್ತು.

ಸಾಕ್ಷಿ, ವಾದಗಳು ಮುಗಿದ ಮೇಲೆ ನ್ಯಾಯಾಧೀಶರು ಒಬ್ಬೊಬ್ಬ ಅಸೆಸರನನ್ನೂ ಅವನ ಅಭಿಪ್ರಾಯವೇನೆಂದು ಬಾಯಿಮಾತಿನಲ್ಲೇ ಕೇಳಿ ಬರೆದುಕೊಳ್ಳುತ್ತಿದ್ದರು. ನಿಮ್ಮ ನಕಲಿನಲ್ಲಿರುವ ಸಾಲು ಅದೇ. ಕೇಳಲೇಬೇಕಿತ್ತು, ಆದರೆ ಅದರಂತೆ ನಡೆಯಬೇಕೆಂಬ ಕಟ್ಟು ಇರಲಿಲ್ಲ. 309ನೆಯ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತಿತ್ತು. ಮಾತಿಗೆ ಬೆಲೆಯಿಲ್ಲದ ಈ ಪಂಚಾಯ್ತಿಗೆ ಊರಿನ ಗೃಹಸ್ಥರನ್ನು ಕೆಲಸ ಬಿಡಿಸಿ ಕರೆಸುತ್ತಿದ್ದುದೇಕೆಂದು ನನಗೂ ಅನ್ನಿಸುವುದುಂಟು. ಜೂರಿಯ ಸಂಗತಿ ಬೇರೆ. ಅವರ ನಿರ್ಣಯ ಒಪ್ಪಿಗೆಯಾಗದಿದ್ದರೆ ಸೆಷನ್ಸ್ ನ್ಯಾಯಾಧೀಶರು ಅದನ್ನು ತಾವೇ ತಳ್ಳಿಹಾಕುವಂತಿರಲಿಲ್ಲ. 307ನೆಯ ಕಲಮಿನ ಕೆಳಗೆ ಹೈಕೋರ್ಟಿಗೆ ಕಳಿಸಬೇಕಿತ್ತು. 1959ರಲ್ಲಿ ಹೆಂಡತಿಯ ಪ್ರಿಯಕರನನ್ನು ಕೊಂದ ಆರೋಪ ಹೊತ್ತ ನೌಕಾಧಿಕಾರಿ ನಾನಾವತಿಯನ್ನು ಜೂರಿ 8-1ರಿಂದ ನಿರ್ದೋಷಿ ಎಂದಾಗ ಮುಂಬಯಿಯ ನ್ಯಾಯಾಧೀಶರು ಮಾಡಿದ್ದು ಇದನ್ನೇ.

ಇನ್ನು ಟಿಳಕರ ಮಾತು. ಅವರ ವಿಚಾರಣೆ ನಡೆದದ್ದು ಸೆಷನ್ಸ್ ಕೋರ್ಟಿನಲ್ಲಲ್ಲ, ಮುಂಬಯಿ ಹೈಕೋರ್ಟಿನಲ್ಲಿ. ಅಲ್ಲಿ ಜೂರಿ ಕಡ್ಡಾಯ. ಆದರೆ ಜೂರಿ ಇದ್ದ ಮಾತ್ರಕ್ಕೆ ಅವರಿಗೆ ಲಾಭವಾಯಿತೇ? 1908ರ ಜುಲೈನಲ್ಲಿ ನ್ಯಾಯಮೂರ್ತಿ ದಾವರ್ ಮುಂದೆ ಕುಳಿತ ಒಂಬತ್ತು ಜನರಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ರಾಜದ್ರೋಹವೆನ್ನಲಾದ ಲೇಖನಗಳು ಟಿಳಕರ ‘ಕೇಸರಿ’ ಪತ್ರಿಕೆಯ ಮರಾಠಿಯಲ್ಲಿದ್ದವು, ಮೂಲವನ್ನು ಓದಲಾರದ ಜೂರಿಗಳು ಸರಕಾರಿ ಅನುವಾದವನ್ನೇ ನಂಬಬೇಕಾಗಿತ್ತು. ನಿರ್ಣಯ 7-2, ಶಿಕ್ಷೆ ಆರು ವರ್ಷ ಗಡಿಪಾರು. ಇದೇ ದಾವರ್ 1897ರಲ್ಲಿ ವಕೀಲರಾಗಿ ಟಿಳಕರಿಗೆ ಜಾಮೀನು ಕೊಡಿಸಿದವರು. ಅತ್ತ ಆರೋಪಿ ಯುರೋಪಿಯನ್ ಬ್ರಿಟಿಷ್ ಪ್ರಜೆಯಾದರೆ, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಯುರೋಪಿಯನ್ನರೋ ಅಮೆರಿಕನ್ನರೋ ಇರುವ ಜೂರಿಯನ್ನು ಕೇಳುವ ಹಕ್ಕು ಇಲ್ಬರ್ಟ್ ಮಸೂದೆಯ (ಭಾರತೀಯ ನ್ಯಾಯಾಧೀಶರೂ ಯುರೋಪಿಯನ್ನರ ವಿಚಾರಣೆ ನಡೆಸಬಹುದೆಂಬ ಮಸೂದೆಯ) ಗದ್ದಲದ ರಾಜಿಯಾಗಿ 1884ರಿಂದಲೇ ಅವನಿಗಿತ್ತು. ಟಿಳಕರಿಗೆ ಅಂಥ ಹಕ್ಕಿರಲಿಲ್ಲ.

ನಿಮ್ಮ ಮುತ್ತಜ್ಜನಿಗೆ ಒಂದು ಅನುಕೂಲವಂತೂ ಇತ್ತು. ಜೂರಿಯ ನಿರ್ಣಯದ ಮೇಲೆ ಶಿಕ್ಷೆಯಾದವನು ಕಾನೂನಿನ ತಪ್ಪನ್ನಷ್ಟೇ ಎತ್ತಿ ಅಪೀಲು ಮಾಡಬಹುದಿತ್ತು. ಅಸೆಸರರ ನೆರವಿನಿಂದ ಶಿಕ್ಷೆಯಾದವನು ಸಾಕ್ಷಿಗಳನ್ನು ನಂಬಿದ್ದೇ ತಪ್ಪು ಎಂದೂ ಮುಂಬಯಿ ಹೈಕೋರ್ಟಿನಲ್ಲಿ ವಾದಿಸಬಹುದಿತ್ತು, ಮತ್ತು ಇಬ್ಬರು ಅಸೆಸರರೂ ನಿರ್ದೋಷಿ ಎಂದಿದ್ದ ಸಂಗತಿ ಅಲ್ಲಿ ವಕೀಲರಿಗೆ ಒಳ್ಳೆಯ ಆಸರೆಯಾಗುತ್ತಿತ್ತು. ಆದ್ದರಿಂದ ಅದೇ ಟ್ರಂಕಿನಲ್ಲಿ ಅಪೀಲಿನ ಕಾಗದವೇನಾದರೂ ಇದೆಯೇ ಎಂದು ಇನ್ನೊಮ್ಮೆ ನೋಡಿರಿ.