ಚಿಕ್ಕಪ್ಪನ ಹಳೇ ವಿಡಿಯೋ ಗೇಮ್ ಮಷೀನಿಗೆ ರಾಸ್‌ಬೆರಿ ಪೈ ಹಾಕಲೋ, ಹಳೇ ಬೋರ್ಡನ್ನೇ ರಿಪೇರಿ ಮಾಡಿಸಲೋ?

ಚಿಕ್ಕಬಳ್ಳಾಪುರದಲ್ಲಿ ಚಿಕ್ಕಪ್ಪನ ಮುಚ್ಚಿದ ಅಂಗಡಿ, ಮೂಲೆಯಲ್ಲಿ ಧೂಳು ಹಿಡಿದ ಮಷೀನ್, ಒಳಗಿನದನ್ನೆಲ್ಲ ಕಿತ್ತು ರಾಸ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರನ್ನೂ ಎಲ್‌ಸಿಡಿಯನ್ನೂ ಕೂರಿಸುವ ಆಸೆ, ಎಷ್ಟು ಖರ್ಚಾಗುತ್ತದೆ ಅನ್ನುವ ಲೆಕ್ಕ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನ್ನ ಎದೆ ಧಸಕ್ಕೆಂದಿತು. 2018ರಲ್ಲಿ ನಾನು ಮಾಡಿದ್ದೂ ಇದನ್ನೇ. ದಯವಿಟ್ಟು ಇದನ್ನು ಓದಿ ಮುಗಿಸುವ ತನಕ ಸ್ಕ್ರೂಡ್ರೈವರ್ ಕೈಗೆ ತಗೋಬೇಡಿ.

ನಾನು ತುಮಕೂರಿನವನು. ಹೈಸ್ಕೂಲಿನಲ್ಲಿದ್ದಾಗ ಎಂ.ಜಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ವಿಡಿಯೋ ಗೇಮ್ ಅಂಗಡಿ ಇತ್ತು. ಒಂದು ರೂಪಾಯಿಗೆ ಒಂದು ಕಾಯಿನ್. ಐದು ಮಷೀನ್ ಇದ್ದರೂ ಜನ ಮುತ್ತಿಕೊಳ್ಳುತ್ತಿದ್ದದ್ದು ಒಂದನ್ನೇ, ಮುಸ್ತಫಾ. ಅದರ ಅಸಲಿ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್ಕಾಮ್ ಕಂಪನಿ 1993ರಲ್ಲಿ ತಂದ ಗೇಮ್. ಆ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ಟೋಪಿ ಹಾಕಿಕೊಂಡ ಮುಸ್ತಫಾ ಅನ್ನುವ ಪಾತ್ರ ಓಡಿ ಬಂದು ಹಾರಿ ಒದೆಯುವುದಿದೆಯಲ್ಲ, ಅದನ್ನು ಚೆನ್ನಾಗಿ ಆಡುವವನು ಬಂದರೆ ನಾವು ನಮ್ಮ ಕಾಯಿನ್ ಜೇಬಲ್ಲೇ ಇಟ್ಟುಕೊಂಡು ಸುಮ್ನೆ ನೋಡುತ್ತಾ ನಿಲ್ಲುತ್ತಿದ್ದೆವು.

ಅಂಗಡಿ ಮುಚ್ಚಿ ಎಷ್ಟೋ ವರ್ಷವಾದ ಮೇಲೆ ಅದರ ಓನರ್ ಅಣ್ಣ ಮಂಡಿಪೇಟೆಯಲ್ಲಿ ಸಿಕ್ಕರು. "ಒಂದು ಮಷೀನ್ ಗೋಡೌನಲ್ಲಿ ಬಿದ್ದಿದೆ ಕಣಯ್ಯ, ತಗೊಂಡು ಹೋಗು" ಅಂದರು. ನಾಲ್ಕು ಸಾವಿರಕ್ಕೆ ಮಾತಾಯಿತು. ಲಗೇಜ್ ಆಟೋದಲ್ಲಿ ಮಲಗಿಸಿ, ಹಗ್ಗ ಬಿಗಿದು ಮನೆಗೆ ತಂದೆ. ಪ್ಲೈವುಡ್ ಪೆಟ್ಟಿಗೆಯ ಕೆಳಭಾಗವನ್ನು ಗೆದ್ದಲು ತಿಂದಿತ್ತು. ಉಳಿದದ್ದೆಲ್ಲ ಇತ್ತು. 20 ಇಂಚಿನ ಪಿಕ್ಚರ್ ಟ್ಯೂಬ್, ಗೇಮ್ ಓಡಿಸುವ ಚಿಪ್‌ಗಳಿರುವ ಗೇಮ್ ಬೋರ್ಡ್, ಪವರ್ ಸಪ್ಲೈ, ಎರಡೂ ಹ್ಯಾಂಡಲ್. ಕಾಯಿನ್ ಡಬ್ಬಿಯಲ್ಲಿ ಎರಡು ಹಿತ್ತಾಳೆ ಕಾಯಿನ್ ಕೂಡ ಇದ್ದವು.

ಸ್ವಿಚ್ ಹಾಕಿದೆ. ಗೇಮ್ ಬಂತು! ಪರದೆ ಸ್ವಲ್ಪ ಹಸಿರು ತಿರುಗಿತ್ತು, ಅಷ್ಟೇ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಬೋರ್ಡ್ ತೆಗೆದು ಧೂಳು ಹೊಡೆದು ಮತ್ತೆ ಹಾಕೋಣ ಅನ್ನಿಸಿತು. ಇಡೀ ಕಥೆ ಕೆಟ್ಟಿದ್ದು ಅಲ್ಲಿ. ಆ ಒಂದು ನಿಮಿಷದ ಕೆಲಸವನ್ನು ಬಿಡಿಸಿ ಹೇಳುತ್ತೇನೆ. ನಿಮಗೆ ಬೇಕಾಗಿರುವುದು ಇದೇ.

ಗೇಮ್ ಬೋರ್ಡಿನ ಒಂದು ಅಂಚಿನಲ್ಲಿ ತಾಮ್ರದ ಪಟ್ಟಿಗಳು, ಅಂದರೆ ಪಿನ್‌ಗಳು, ಸಾಲಾಗಿ ಇರುತ್ತವೆ. ಒಂದು ಬದಿಗೆ 28, ಇನ್ನೊಂದು ಬದಿಗೆ 28, ಒಟ್ಟು 56. ಇದಕ್ಕೆ ಜಾಮಾ ಅನ್ನುತ್ತಾರೆ. 1985ರ ಹೊತ್ತಿಗೆ ಜಪಾನಿನ ಗೇಮ್ ಮಷೀನ್ ತಯಾರಕರ ಸಂಘ ಮಾಡಿಕೊಂಡ ನಿಯಮ ಅದು. ಯಾವ ಕಂಪನಿಯ ಬೋರ್ಡಾದರೂ ಪೆಟ್ಟಿಗೆಯ ವೈರುಗಳು ಬಂದು ಸೇರುವ ಅದೇ ಕನೆಕ್ಟರಿಗೆ ಕೂರಲಿ ಎನ್ನುವುದು ಉದ್ದೇಶ. ಅಂಗಡಿಯವರು ಪೆಟ್ಟಿಗೆ ಬದಲಿಸದೆ ಬರೀ ಬೋರ್ಡ್ ಬದಲಿಸಿ ಹೊಸ ಗೇಮ್ ಹಾಕುತ್ತಿದ್ದದ್ದು ಇದರಿಂದಲೇ. ಕನೆಕ್ಟರ್ ಉಲ್ಟಾ ಹೋಗಬಾರದು ಅಂತ ಏಳನೇ ಪಿನ್ ಇರಬೇಕಾದ ಕಡೆ ಬೋರ್ಡಿನಲ್ಲಿ ಒಂದು ಸೀಳು ಕೊಟ್ಟಿರುತ್ತಾರೆ. ಕನೆಕ್ಟರಿನ ಒಳಗೆ ಅದೇ ಜಾಗದಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ತುಂಡು ಇರುತ್ತದೆ. ಅದಕ್ಕೆ ಕೀ ಅಂತ ಹೆಸರು. ಅಕ್ಕಿಕಾಳಿನಷ್ಟು ದಪ್ಪ.

ನನ್ನ ಕನೆಕ್ಟರಿನಲ್ಲಿ ಆ ತುಂಡು ಇರಲಿಲ್ಲ. ಯಾವಾಗಲೋ ಬಿದ್ದುಹೋಗಿತ್ತು. ನಾನು ನೋಡಲೇ ಇಲ್ಲ. ಬೋರ್ಡ್ ಪೆಟ್ಟಿಗೆಯ ಒಳಗೋಡೆಗೆ ನಿಂತ ಹಾಗೆ ಇತ್ತು. ಒಳಗೆ ಕತ್ತಲು. ಮೊಬೈಲ್ ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು ಕನೆಕ್ಟರ್ ಒತ್ತಿದೆ. ಸಲೀಸಾಗಿ ಹೋಯಿತು. ಅದು ಉಲ್ಟಾ ಇತ್ತು.

ಉಲ್ಟಾ ಹಾಕಿದರೆ ಏನಾಗುತ್ತದೆ? ನಾನು ಓದಿದ್ದು ಬಿ.ಕಾಂ, ಆದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ಪಿನ್ ನಂಬರನ್ನು 29ರಿಂದ ಕಳೆದರೆ ಅದು ಉಲ್ಟಾ ಹೋಗಿ ಸೇರುವ ಜಾಗ ಸಿಗುತ್ತದೆ. 1, 2 ಗ್ರೌಂಡ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಅವು 28, 27ಕ್ಕೆ ಹೋಗುತ್ತವೆ. ಅಲ್ಲಿರುವುದೂ ಗ್ರೌಂಡೇ. ಆದ್ದರಿಂದ ಶಾರ್ಟ್ ಆಗುವುದಿಲ್ಲ, ಫ್ಯೂಸ್ ಹೋಗುವುದಿಲ್ಲ, ಎಚ್ಚರಿಕೆ ಕೊಡುವಂಥದ್ದು ಏನೂ ನಡೆಯುವುದಿಲ್ಲ. 3, 4 ಅಂದರೆ 5 ವೋಲ್ಟ್. ಅವು 26, 25ಕ್ಕೆ ಹೋಗುತ್ತವೆ. ಜಾಮಾದಲ್ಲಿ ಅವು ಖಾಲಿ ಪಿನ್‌ಗಳು. ಹಾಗಾಗಿ ಬೋರ್ಡಿಗೆ ಕರೆಂಟೇ ಸಿಗುವುದಿಲ್ಲ, ಪರದೆ ಕಪ್ಪಗಿರುತ್ತದೆ. ಇನ್ನು 6ನೇ ಪಿನ್, 12 ವೋಲ್ಟ್. 29ರಲ್ಲಿ 6 ಹೋದರೆ 23. ಆ ಪಿನ್ ಎರಡನೇ ಬಟನ್‌ನದು. ಬಟನ್ ಒತ್ತಿದ್ದನ್ನು ಓದುವ ಚಿಪ್ ಕೆಲಸ ಮಾಡುವುದೇ 5 ವೋಲ್ಟಿನಲ್ಲಿ. ಅದರ ಬಾಯಿಗೆ ನೇರವಾಗಿ 12 ವೋಲ್ಟ್ ಬಿತ್ತು. ಆಚೆ ಬದಿಯಲ್ಲೂ ಅದೇ ಜಾಗಕ್ಕೆ 12 ವೋಲ್ಟ್, ಅದು ಎರಡನೇ ಆಟಗಾರನ ಬಟನ್.

ಸುಟ್ಟ ವಾಸನೆ ಬಂತು. ಸ್ವಿಚ್ ಆರಿಸಿದೆ. ಕೈ ನಡುಗುತ್ತಿತ್ತು. ಬೋರ್ಡ್ ಸತ್ತಿತು ಅಂತ ನಾನೇ ತೀರ್ಮಾನ ಮಾಡಿದೆ. ಉಲ್ಟಾ ಹಾಕಿದ್ದೇನೆ ಅಂತ ಹೊಳೆಯಲೇ ಇಲ್ಲ. ಯಾರನ್ನೂ ಕೇಳಲಿಲ್ಲ. ಬೋರ್ಡನ್ನು ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಬೋರ್ಡೇ ಹೋದ ಮೇಲೆ ಟ್ಯೂಬ್ ಯಾಕೆ ಅಂತ ಗುಜರಿಯವರಿಗೆ ಕೊಟ್ಟೆ, 150 ರೂಪಾಯಿಗೆ. ಅವರು ನಮ್ಮ ಗೇಟಿನ ಹತ್ತಿರವೇ ತಾಮ್ರದ ಕಾಯಿಲ್ ಬಿಚ್ಚಿಕೊಂಡರು. ಎಳೆಯುವ ರಭಸಕ್ಕೆ ಟ್ಯೂಬಿನ ಕುತ್ತಿಗೆ ಮುರಿದು, ಗಾಳಿ ಒಳಗೆ ನುಗ್ಗುವ ಸುಯ್ ಸದ್ದು ಕೇಳಿಸಿತು. ಆ ಸದ್ದು ಇವತ್ತಿಗೂ ನೆನಪಿದೆ. ಆಮೇಲೆ ಎಲ್‌ಸಿಡಿ, ಪೈ, ಮೆಮೊರಿ ಕಾರ್ಡ್ ತುಂಬಾ ಗೇಮ್. ಒಂಬತ್ತು ಸಾವಿರ ಚಿಲ್ಲರೆ ಖರ್ಚಾಯಿತು. ಎರಡು ವಾರ ಆಡಿದೆ. ಸಾವಿರ ಗೇಮ್ ಇದ್ದರೆ ಯಾವುದನ್ನೂ ಹತ್ತು ನಿಮಿಷಕ್ಕಿಂತ ಜಾಸ್ತಿ ಆಡುವುದಿಲ್ಲ.

ಮೂರು ವರ್ಷ ಬಿಟ್ಟು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಬೇರೆ ಕೆಲಸಕ್ಕೆ ಹೊರಟಿದ್ದೆ. ಆ ಬೋರ್ಡೂ ಇರಲಿ ಅಂತ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದೆ. ಅಲ್ಲೊಬ್ಬರು ವಯಸ್ಸಾದ ರಿಪೇರಿಯವರು ತಮ್ಮ ಟೇಬಲ್ಲಿನ ಕನೆಕ್ಟರಿಗೆ ಅದನ್ನು ಸರಿಯಾಗಿ ಕೂರಿಸಿ ಸ್ವಿಚ್ ಹಾಕಿದರು. ಗೇಮ್ ಬಂತು, ಸದ್ದೂ ಬಂತು. ಮುಸ್ತಫಾ ನಡೆದ, ಗುದ್ದಿದ. ಹಾರಲಿಲ್ಲ. ಎರಡನೇ ಬಟನ್ ಅಂದರೆ ಜಂಪ್. ಅದೊಂದೇ ಸತ್ತಿದ್ದು. ಅವರು ನನ್ನ ಮುಖ ನೋಡಿ, "ಉಲ್ಟಾ ಹಾಕಿದ್ರಾ?" ಅಂದರು. ಎರಡು ಚಿಪ್ ಬದಲಿಸಿದರು. ಚಿಪ್ಪಿಗೆ 30 ರೂಪಾಯಿಯಂತೆ 60, ಕೂಲಿ 400. ಬೋರ್ಡ್ ಬದುಕಿತು. ಟ್ಯೂಬ್ ಎಲ್ಲಿಂದ ತರಲಿ?

ಅದಕ್ಕೇ ಹೇಳುತ್ತಿದ್ದೇನೆ, ಪೈಯೋ ಹಳೇ ಬೋರ್ಡೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಬೋರ್ಡನ್ನು ಇವತ್ತು ಬಿಟ್ಟರೆ ಇನ್ನೊಂದು ದಿನ ರಿಪೇರಿ ಮಾಡಿಸಬಹುದು. ಪೈ ಯಾವತ್ತು ಬೇಕಾದರೂ ಅಂಗಡಿಯಲ್ಲಿ ಸಿಗುತ್ತದೆ. ಹೋದರೆ ವಾಪಸ್ ಬರದಿರುವುದು ಪಿಕ್ಚರ್ ಟ್ಯೂಬ್. ನಮ್ಮಲ್ಲಿ ಅದನ್ನು ಯಾರೂ ಹೊಸದಾಗಿ ಮಾಡುತ್ತಿಲ್ಲ. ಆ ಕಾಲದ ಬೋರ್ಡ್‌ಗಳು ಚಿತ್ರ ಕಳಿಸುವುದು ಸುಮಾರು 15 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 15 ಸಾವಿರ ಗೆರೆ, ಹಳೇ ಟಿವಿಯ ಹಾಗೆ. ಕಂಪ್ಯೂಟರ್ ಮಾನಿಟರ್ ಕೇಳುವುದು ಅದರ ಎರಡರಷ್ಟು. ನಡುವೆ ಕನ್ವರ್ಟರ್ ಹಾಕಬೇಕು. ನಾನು ಈಗ ಹಾಕಿರುವುದು ಅದನ್ನೇ, ಜಿಬಿಎಸ್ 8200 ಅನ್ನುವ ಬೋರ್ಡ್. ಗೇಮ್ ಕಾಣುತ್ತದೆ, ನಿಜ. ಆದರೆ ಬರೀ 224 ಗೆರೆಯ ಚಿತ್ರವನ್ನು ಹಿಗ್ಗಿಸಿದಾಗ ಎಲ್ಲ ಕಲಸಿದ ಹಾಗೆ ಇರುತ್ತದೆ. ಟ್ಯೂಬಿನಲ್ಲಿ ಗೆರೆಗೆರೆಯಾಗಿ ಬೆಳಗುತ್ತಿದ್ದ ಆ ಬಣ್ಣ ಇಲ್ಲ.

ಪೈ ಬೇಕೇ ಬೇಕು ಅಂದರೆ ಅದಕ್ಕೂ ದಾರಿ ಇದೆ. ಪೈಯನ್ನು ಜಾಮಾ ಕನೆಕ್ಟರಿಗೇ ಜೋಡಿಸುವ ಬೋರ್ಡ್‌ಗಳು ಬಂದಿವೆ. ಹಳೇ ಟ್ಯೂಬ್, ಹಳೇ ಹ್ಯಾಂಡಲ್ ಹಾಗೇ ಇಟ್ಟುಕೊಂಡು ಪೈ ಓಡಿಸಬಹುದು. ಎಲ್‌ಸಿಡಿಯೇ ಬೇಕಾದರೆ ಬಡಗಿ ಹತ್ತಿರ ಹೊಸ ಪೆಟ್ಟಿಗೆ ಮಾಡಿಸಿ. ಚಿಕ್ಕಪ್ಪನ ಪೆಟ್ಟಿಗೆ ಕೊರೆಯಬೇಡಿ.

ಟ್ಯೂಬಿನ ಹಿಂದೆ ಮಾತ್ರ ನೀವಾಗಿ ಕೈ ಹಾಕಬೇಡಿ. ರಬ್ಬರ್ ಕ್ಯಾಪ್ ಕೆಳಗೆ 20 ಸಾವಿರ ವೋಲ್ಟಿಗೂ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಚಿಕ್ಕಬಳ್ಳಾಪುರದಲ್ಲಿ ಹಳೇ ಟಿವಿ ರಿಪೇರಿ ಮಾಡುತ್ತಿದ್ದವರು ಯಾರಾದರೂ ಇದ್ದೇ ಇರುತ್ತಾರೆ, ವಿಚಾರಿಸಿ. ಮೊಬೈಲ್ ರಿಪೇರಿಯವರು ಬೇಡ. ನನಗೆ ಈಗ ಶಿರಾ ಗೇಟ್ ಹತ್ತಿರದ ಒಬ್ಬ ಮೆಕ್ಯಾನಿಕ್ ಮಾಮ ಸಿಕ್ಕಿದ್ದಾರೆ. ಟ್ಯೂಬಿನ ಚಾರ್ಜ್ ಇಳಿಸದೆ ಅವರು ಪೆಟ್ಟಿಗೆಯ ಒಳಗೆ ಬೇರೆ ಯಾವುದಕ್ಕೂ ಕೈ ಹಾಕುವುದಿಲ್ಲ.

ಬೋರ್ಡಿನ ಮೇಲೆ ಬೆರಳು ಗಾತ್ರದ ಬ್ಯಾಟರಿ ಬೆಸುಗೆ ಹಾಕಿದ್ದರೆ ಅದನ್ನೂ ತೋರಿಸಿ. ನಿಯೋ ಜಿಯೋ ಅನ್ನುವ ಇನ್ನೊಂದು ಜಾತಿಯ ಗೇಮ್ ಬೋರ್ಡ್‌ಗಳಲ್ಲಿ ಅದು ಸೋರಿ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಆದರೆ ನೀವೇ ಕೀಳಬೇಡಿ. ಕ್ಯಾಪ್ಕಾಮ್‌ನ ಕೆಲವು ಅಸಲಿ ಬೋರ್ಡ್‌ಗಳಲ್ಲಿ ಬ್ಯಾಟರಿ ತೆಗೆದರೆ ಗೇಮೇ ಸಾಯುತ್ತದೆ. ನನ್ನದು ನಕಲಿ ಬೋರ್ಡ್, ಬ್ಯಾಟರಿ ಇರಲಿಲ್ಲ.

ಬಜೆಟ್ ಕೇಳಿದ್ದೀರಿ. ಯಾವುದು ಕೆಟ್ಟಿದೆ ಅಂತಲೇ ಗೊತ್ತಿಲ್ಲದೆ ಎಷ್ಟು ಅಂತ ಹೇಳಲಿ? ಪ್ಲಗ್ ಹಾಕದೆ, ಏನೂ ಬಿಚ್ಚದೆ, ಹಿಂದಿನ ಬಾಗಿಲು ತೆಗೆದು ಕನೆಕ್ಟರ್ ಈಗ ಹೇಗಿದೆಯೋ ಹಾಗೇ ಎರಡೂ ಬದಿಯಿಂದ ಫೋಟೋ ತೆಗೆಯಿರಿ. ಬೋರ್ಡಿನ ಸೀಳು ಕಾಣುವ ಹಾಗೆ ಜೂಮ್ ಮಾಡಿ ಇನ್ನೊಂದು, ಕೈ ಮಾತ್ರ ಒಳಗೆ ಹಾಕಬೇಡಿ. ರಿಪೇರಿಯವರು ಟ್ಯೂಬಿನ ಚಾರ್ಜ್ ಇಳಿಸಿದ ಮೇಲೆ, ಏನನ್ನೂ ಬಿಚ್ಚುವ ಮೊದಲು, ಅದೇ ಜಾಗದಲ್ಲಿ ಮಾರ್ಕರ್ ಪೆನ್ನಿನಿಂದ ಕನೆಕ್ಟರಿಗೂ ಬೋರ್ಡಿಗೂ ಒಂದೊಂದು ಗೆರೆ ಎಳೆಸಿ. ಫೋಟೋ ಇಲ್ಲೇ ಹಾಕಿ, ಸಂಜೆ ಏಳರ ಮೇಲೆ ನೋಡಿ ಹೇಳುತ್ತೇನೆ. ಹಾಗೇ ನಿಮ್ಮ ಕಡೆ ಯಾರದಾದರೂ ಮನೆಯಲ್ಲಿ 20 ಇಂಚಿನ ಹಳೇ ಟಿವಿ ಕೊಡುವುದಿದ್ದರೆ ತಿಳಿಸಿ. ನಾನೇ ಬಂದು ತಗೊಂಡು ಹೋಗುತ್ತೇನೆ.