ಟೈಬರ್ ನದಿಯ ಫ್ಯಾಬ್ರಿಶಿಯಸ್ ಸೇತುವೆ ಉಳಿದದ್ದು ಹೇಗೆ?

ರೋಮ್ ನಗರದ ಫ್ಯಾಬ್ರಿಶಿಯಸ್ ಸೇತುವೆ ಎರಡು ಸಾವಿರ ವರ್ಷಗಳ ಬಳಿಕವೂ ಬಳಕೆಯಲ್ಲಿರುವಾಗ, ಅದೇ ಟೈಬರ್ ನದಿಯ ಎಮಿಲಿಯಸ್ ಸೇತುವೆ ಏಕೆ ಮುರಿದುಬಿತ್ತು ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಕಲ್ಲಿನ ಗಟ್ಟಿತನಕ್ಕಿಂತ ನೀರಿಗೆ ಬಿಟ್ಟ ದಾರಿಯೇ ಇಲ್ಲಿ ಮುಖ್ಯ. ಕ್ರಿ.ಪೂ. 62ರಲ್ಲಿ ಲೂಸಿಯಸ್ ಫ್ಯಾಬ್ರಿಶಿಯಸ್ ಕಟ್ಟಿಸಿದ ಈ ಸೇತುವೆ ದಡದಿಂದ ನಡುಗಡ್ಡೆಯವರೆಗೆ, ಅಂದರೆ ನದಿಯ ಒಂದು ಕವಲನ್ನು ಮಾತ್ರ, ಸುಮಾರು 24 ಮೀಟರ್ ಅಗಲದ ಎರಡೇ ಕಮಾನುಗಳಲ್ಲಿ ದಾಟುವುದರಿಂದ, ಪ್ರವಾಹಕ್ಕೆ ಎದುರಾಗಿ ನಿಂತಿರುವುದು ನಡುವಿನ ಒಂದೇ ಕಂಬ. ಆ ಕಂಬದ ಮೇಲ್ಭಾಗವನ್ನು ಗಮನಿಸಿ: ಅಲ್ಲೊಂದು ಪುಟ್ಟ ಕಮಾನಿನ ಕಿಂಡಿಯಿದೆ. ನೀರು ಇಳಿದಿರುವಾಗ ಅದು ಬರಿಯ ಅಲಂಕಾರದಂತೆ ಕಾಣುತ್ತದೆ, ಆದರೆ ನದಿ ಉಕ್ಕಿದಾಗ ಗೋಡೆಗೆ ಅಪ್ಪಳಿಸಬೇಕಾದ ನೀರು ಅದರೊಳಗಿಂದ ಹಾದುಹೋಗುತ್ತದೆ. ಕಮಾನುಗಳ ಮೇಲೆ ಕಟ್ಟಿಸಿದವನ ಹೆಸರಿನ ಶಾಸನವನ್ನು ಇಂದಿಗೂ ಓದಬಹುದು.

ಎಮಿಲಿಯಸ್ ಸೇತುವೆಯ ಕಂಬಗಳು ಕ್ರಿ.ಪೂ. 179ರವು, ಕಲ್ಲಿನ ಕಮಾನುಗಳು ಕ್ರಿ.ಪೂ. 142ರವು. ನಡುಗಡ್ಡೆಯ ಕೆಳಗೆ, ಎರಡೂ ಕವಲುಗಳು ಕೂಡಿದ ಮೇಲೆ, ಇಡೀ ನದಿಯ ರಭಸವನ್ನು ಅದು ಹಲವು ಕಂಬಗಳಿಂದ ತಡೆದುಕೊಳ್ಳಬೇಕಿತ್ತು. ಮತ್ತೆ ಮತ್ತೆ ದುರಸ್ತಿಯಾದರೂ 1598ರ ಮಹಾಪೂರದಲ್ಲಿ ಅದರ ಪೂರ್ವಭಾಗ ಕೊಚ್ಚಿಹೋಯಿತು. ಈಗ ನದಿಯ ನಡುವೆ ಉಳಿದಿರುವುದು ಒಂಟಿ ಕಮಾನು ಮಾತ್ರ.