ದೋಣಿಯ ಕ್ಯಾನ್ವಾಸ್ ಚಾವಣಿ ಮಳೆಯಲ್ಲಿ ಸೋರುತ್ತಿದೆ: ಯಾವ ದ್ರಾವಣ ಹಚ್ಚಬೇಕು, ಹೇಗೆ ಕಾಪಾಡಬೇಕು?

ಕೆಲವು ವರ್ಷ ಬಳಸಿದ ಕ್ಯಾನ್ವಾಸ್ ಚಾವಣಿ ಮಳೆಯಲ್ಲಿ ತೊಟ್ಟಿಕ್ಕತೊಡಗಿದೆ ಎಂದೂ ಅದಕ್ಕೆ ಯಾವ ಜಲನಿರೋಧಕ ದ್ರಾವಣವನ್ನು ಎಷ್ಟು ಸಲ ಹಚ್ಚಬೇಕು, ಮುಂದೆ ಅದನ್ನು ಹೇಗೆ ನೋಡಿಕೊಳ್ಳಬೇಕು ಎಂದೂ ನೀವು ಕೇಳಿದ್ದೀರಿ. ನನ್ನ ದೋಣಿಯ ಚಾವಣಿಯನ್ನು ತೊಳೆಯುವುದು, ಹೊಲಿಯುವುದು, ಲೇಪಿಸುವುದು ಎಲ್ಲವನ್ನೂ ಬಹಳ ಕಾಲದಿಂದ ನಾನೇ ಮಾಡಿಕೊಂಡು ಬಂದಿರುವುದರಿಂದ ಉತ್ತರಿಸುತ್ತಿದ್ದೇನೆ. ಆದರೆ ದ್ರಾವಣದ ಮಾತನ್ನು ಸ್ವಲ್ಪ ತಡವಾಗಿ ಎತ್ತಿಕೊಳ್ಳುತ್ತೇನೆ, ಏಕೆಂದರೆ ಸೋರುವ ಚಾವಣಿಗಳಲ್ಲಿ ಹೆಚ್ಚಿನವುಗಳಿಗೆ ಮೊದಲು ಬೇಕಾಗಿರುವುದು ತೊಳೆತ ಮತ್ತು ಹೊಲಿಗೆಯ ದುರಸ್ತಿ.

ನೀರು ಎಲ್ಲಿಂದ ಒಳಬರುತ್ತಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮಳೆ ಇಲ್ಲದ ದಿನ ನೀವು ಚಾವಣಿಯ ಒಳಗೆ ಕುಳಿತು, ಹೊರಗಿನಿಂದ ಇನ್ನೊಬ್ಬರು ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ. ಕೆಳಗಿನ ಅಂಚಿನಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆ ಹರಿದು, ಸೋರುವ ಜಾಗ ಯಾವುದೆಂದು ತಿಳಿಯುವುದಿಲ್ಲ. ಬಟ್ಟೆಯ ನಡುಭಾಗ ಒಣಗಿದ್ದು ಹೊಲಿಗೆಯ ಸಾಲಿನಲ್ಲೋ ಜಿಪ್ಪಿನ ಬಳಿಯೋ ಹನಿ ಮೂಡಿದರೆ, ಇಡೀ ಬಟ್ಟೆಗೆ ಎಷ್ಟು ದ್ರಾವಣ ಹಚ್ಚಿದರೂ ಪ್ರಯೋಜನವಾಗದು. ನಾಲ್ಕೂ ಕಡೆ ಮುಚ್ಚಿದ ಚಾವಣಿಯೊಳಗೆ ಬೆಳಗಿನ ಜಾವ ಕಾಣುವ ಹನಿಗಳು ಅನೇಕ ಸಲ ಸೋರಿಕೆಯೇ ಅಲ್ಲ. ಒಳಗಿನ ಗಾಳಿಯ ತೇವಾಂಶ ತಣ್ಣಗಾದ ಬಟ್ಟೆಗೆ ತಗುಲಿ ನೀರಾಗಿರುತ್ತದೆ, ಅದಕ್ಕೆ ಗಾಳಿಯಾಡಲು ದಾರಿ ಬಿಡುವುದೇ ಪರಿಹಾರ. ಕಮಾನುಗಳ ನಡುವೆ ಬಟ್ಟೆ ಜೋತುಬಿದ್ದು ನೀರು ನಿಲ್ಲುತ್ತಿದೆಯೇ ಎಂಬುದನ್ನೂ ನೋಡಿ. ನಿಂತ ನೀರಿನ ಭಾರಕ್ಕೆ ಬಟ್ಟೆ ಮತ್ತಷ್ಟು ಹಿಗ್ಗುತ್ತದೆ, ಹಿಗ್ಗಿದಷ್ಟೂ ಹೆಚ್ಚು ನೀರು ನಿಲ್ಲುತ್ತದೆ, ಆ ಒತ್ತಡಕ್ಕೆ ಹೊಸ ಬಟ್ಟೆಯೂ ಜಿನುಗಬಹುದು. ಪಟ್ಟಿಗಳನ್ನು ಬಿಗಿಗೊಳಿಸಿ ನೀರು ಒಂದು ಕಡೆಗೆ ಇಳಿದುಹೋಗುವಂತೆ ಮಾಡಿದರೆ ಎಷ್ಟೋ ಸಲ ತಕರಾರು ಅಲ್ಲಿಗೇ ಮುಗಿಯುತ್ತದೆ.

ಎರಡನೆಯದಾಗಿ, ನಿಮ್ಮ ಬಟ್ಟೆ ಯಾವುದು? ಕ್ಯಾನ್ವಾಸ್ ಎಂದು ಕರೆಯುವುದೆಲ್ಲ ಈಗ ಹತ್ತಿಯದಾಗಿರುವುದಿಲ್ಲ. ದೋಣಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಅಕ್ರಿಲಿಕ್ ನೂಲಿನ ಬಟ್ಟೆ, ಸನ್‌ಬ್ರೆಲ್ಲಾ ಎಂಬ ಹೆಸರಿನಲ್ಲಿ ಪರಿಚಿತವಾದದ್ದು ಅದೇ ಬಗೆ. ಇದರಲ್ಲಿ ಎಳೆ ತಯಾರಾಗುವಾಗಲೇ ಬಣ್ಣ ಸೇರಿಸುವುದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ. ಒಳಮೈ ನಯವಾಗಿ ರಬ್ಬರಿನಂತೆ ಹೊಳೆಯುತ್ತಿದ್ದರೆ ಅದು ವಿನೈಲ್ ಅಥವಾ ಬೇರೆ ಪ್ಲಾಸ್ಟಿಕ್ ಲೇಪಿಸಿದ ಪಾಲಿಯೆಸ್ಟರ್. ಸಂದೇಹವಿದ್ದರೆ ಅಂಚಿನ ಮಡಿಕೆಯಿಂದ ಒಂದೆರಡು ಎಳೆ ತೆಗೆದು, ದೋಣಿಯಿಂದಲೂ ಇಂಧನದಿಂದಲೂ ದೂರ ಹೋಗಿ ಸುಟ್ಟು ನೋಡಬಹುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೃದುವಾದ ಬೂದಿ ಉಳಿಯುತ್ತದೆ, ಅಕ್ರಿಲಿಕ್ ಮತ್ತು ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತವೆ. ಈ ವ್ಯತ್ಯಾಸ ತಿಳಿಯದೆ ಅಂಗಡಿಗೆ ಹೋಗಬಾರದು, ಏಕೆಂದರೆ ಈ ಬಟ್ಟೆಗಳು ನೀರನ್ನು ತಡೆಯುವ ರೀತಿಯೇ ಬೇರೆ ಬೇರೆ.

ಹತ್ತಿಯ ಎಳೆ ನೀರು ಕುಡಿದು ಉಬ್ಬುತ್ತದೆ, ಉಬ್ಬಿದಾಗ ನೇಯ್ಗೆಯ ಸಂದುಗಳು ಮುಚ್ಚಿಕೊಳ್ಳುತ್ತವೆ. ಹೊಸ ಹತ್ತಿ ಕ್ಯಾನ್ವಾಸನ್ನು ಬಳಸುವ ಮೊದಲು ಒಂದೆರಡು ಸಲ ಚೆನ್ನಾಗಿ ನೆನೆಸಿ ಒಣಗಿಸುವುದು ಇದೇ ಕಾರಣಕ್ಕೆ. ಮಳೆ ಬರುತ್ತಿರುವಾಗ ಅದರ ಒಳಮೈಯನ್ನು ಬೆರಳಿನಿಂದ ಒತ್ತಿದರೆ ಅಲ್ಲಿಂದಲೇ ನೀರು ಜಿನುಗಲು ಶುರುವಾಗುವುದನ್ನು ನೀವೂ ಗಮನಿಸಿರಬಹುದು. ಅಕ್ರಿಲಿಕ್ ಎಳೆ ಹೀಗೆ ಉಬ್ಬುವುದಿಲ್ಲ. ಕಾರ್ಖಾನೆಯಲ್ಲಿ ಎಳೆಗಳ ಮೇಲೆ ಕೊಟ್ಟಿರುವ ತೆಳು ಲೇಪವು ನೀರು ಹರಡಲು ಬಿಡದೆ ಅದನ್ನು ಹನಿಯಾಗಿಯೇ ಉರುಳಿಸುತ್ತದೆ, ನೇಯ್ಗೆಯ ರಂಧ್ರಗಳು ಮಾತ್ರ ತೆರೆದೇ ಇರುತ್ತವೆ. ಆದ್ದರಿಂದ ಇಂಥ ಬಟ್ಟೆ ಉಸಿರಾಡುತ್ತದೆ. ಆದ್ದರಿಂದಲೇ ಅದರ ಮೇಲೆ ಧೂಳು, ಎಣ್ಣೆ ಅಥವಾ ಸೋಪಿನ ಅಂಶ ಉಳಿದರೆ ಸೋರುತ್ತದೆ. ಸೋಪಿನ ಕೆಲಸವೇ ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡಿ ಅದನ್ನು ಬಟ್ಟೆಯೊಳಕ್ಕೆ ಇಳಿಸುವುದು, ತೊಳೆದ ಬಳಿಕ ಅದು ಎಳೆಗಳಲ್ಲಿ ಉಳಿದುಕೊಂಡರೆ ಮುಂದಿನ ಮಳೆಯಲ್ಲೂ ಅದೇ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಲೇಪದ ಬಟ್ಟೆಯಲ್ಲಿ ಲೇಪವೇ ತಡೆಗೋಡೆ. ಅದು ಬಿರುಕು ಬಿಟ್ಟರೆ ಅಥವಾ ಸುಲಿದುಬಂದರೆ ಸಿಂಪಡಿಸುವ ದ್ರಾವಣದಿಂದ ಸರಿಪಡಿಸಲಾಗದು, ತೇಪೆ ಹಾಕಬೇಕು ಇಲ್ಲವೇ ಬದಲಾಯಿಸಬೇಕು.

ತೊಳೆಯುವ ವಿಧಾನ ಸರಳ, ಆದರೆ ತಾಳ್ಮೆ ಬೇಕು. ಒಣ ಬಟ್ಟೆಯನ್ನು ಮೊದಲು ಮೃದುವಾದ ಬ್ರಷ್ಷಿನಿಂದ ಗುಡಿಸಿ. ಬಳಿಕ ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸೋಪು ಬೆರೆಸಿ ಹಗುರವಾಗಿ ಉಜ್ಜಿ. ನೀರು 38 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿರಬಾರದು, ಹೆಚ್ಚಿನ ಬಿಸಿಗೆ ಅಕ್ರಿಲಿಕ್ ಕುಗ್ಗುತ್ತದೆ. ಬಟ್ಟೆ ಒಗೆಯುವ ತೀಕ್ಷ್ಣ ಪುಡಿಗಳನ್ನು ನಾನು ಬಳಸುವುದಿಲ್ಲ. ಉಜ್ಜುವುದಕ್ಕಿಂತ ಹೆಚ್ಚಿನ ಸಮಯವನ್ನು ಜಾಲಾಡಿಸುವುದಕ್ಕೆ ಕೊಡಿ, ಹರಿದುಬರುವ ನೀರಿನಲ್ಲಿ ಒಂದು ಗುಳ್ಳೆಯೂ ಕಾಣದಿರುವವರೆಗೆ. ಅತಿ ಒತ್ತಡದಲ್ಲಿ ನೀರು ಚಿಮ್ಮಿಸುವ ಯಂತ್ರವನ್ನು ಬಳಸುವವರನ್ನು ಕಂಡಿದ್ದೇನೆ. ಕೊಳೆಯೇನೋ ಕ್ಷಣಾರ್ಧದಲ್ಲಿ ಹೋಗುತ್ತದೆ, ಅದರೊಂದಿಗೆ ಲೇಪವೂ ಹೋಗುತ್ತದೆ, ಹೊಲಿಗೆಯ ತೂತುಗಳು ಅಗಲವಾಗುತ್ತವೆ.

ಬೂಷ್ಟು ಹಿಡಿದಿದ್ದರೆ ಬಟ್ಟೆಯ ಜಾತಿ ಇನ್ನಷ್ಟು ಮುಖ್ಯವಾಗುತ್ತದೆ. ಅಕ್ರಿಲಿಕ್ ಎಳೆಯನ್ನು ಬೂಷ್ಟು ತಿನ್ನಲಾರದು, ಅದು ಬೆಳೆಯುವುದು ಮೇಲೆ ಕುಳಿತ ಕೊಳೆಯನ್ನು ಆಶ್ರಯಿಸಿ. ಹಾಗಾಗಿ ಸುಮಾರು 4 ಲೀಟರ್ ನೀರಿಗೆ 240 ಮಿಲಿಲೀಟರ್ ಮನೆಬಳಕೆಯ ಬ್ಲೀಚ್ ದ್ರವ ಮತ್ತು 60 ಮಿಲಿಲೀಟರ್ ಸೌಮ್ಯ ಸೋಪು ಬೆರೆಸಿ ಹಚ್ಚಿ, 15 ನಿಮಿಷ ಮೀರದಂತೆ ಬಿಟ್ಟು, ಪೂರ್ತಿಯಾಗಿ ತೊಳೆದರೆ ಕಲೆ ಬಹುಮಟ್ಟಿಗೆ ಹೋಗುತ್ತದೆ. ಹತ್ತಿಗೆ ಈ ಉಪಾಯ ಸಲ್ಲದು. ಅಲ್ಲಿ ಬೂಷ್ಟು ನಾರನ್ನೇ ತಿನ್ನುತ್ತಿರುತ್ತದೆ, ಬ್ಲೀಚ್ ಆ ನಾರನ್ನು ಮತ್ತಷ್ಟು ದುರ್ಬಲಗೊಳಿಸುತ್ತದೆ. ಒಣಗಿಸಿ, ಬ್ರಷ್ಷಿನಿಂದ ಉದುರಿಸಿ, ಬಿಸಿಲು ಕಾಣಿಸಿ, ಉಳಿದ ಕಲೆಯೊಂದಿಗೆ ರಾಜಿಯಾಗುವುದೇ ಲೇಸು. ಬ್ಲೀಚಿನ ಜೊತೆ ವಿನೆಗರನ್ನಾಗಲಿ ಅಮೋನಿಯಾ ಇರುವ ಶುಚಿಕಾರಕವನ್ನಾಗಲಿ ಎಂದೂ ಬೆರೆಸಬೇಡಿ, ವಿಷಾನಿಲ ಹುಟ್ಟುತ್ತದೆ.

ತೊಳೆದು ಪೂರ್ತಿ ಒಣಗಿದ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ಹನಿಗಳು ಗುಂಡಗೆ ನಿಂತು ಉರುಳಿದರೆ ಲೇಪ ಜೀವಂತವಾಗಿದೆ, ನೀವು ಹಣ ಖರ್ಚು ಮಾಡಬೇಕಾಗಿಲ್ಲ. ನೀರು ಹರಡಿ ಬಟ್ಟೆಯ ಬಣ್ಣ ಗಾಢವಾದರೆ ಆಗ ದ್ರಾವಣದ ಸರದಿ. ಅಕ್ರಿಲಿಕ್‌ಗೆ ಬಹಳ ಕಾಲದಿಂದ ಬಳಕೆಯಲ್ಲಿರುವುದು ಫ್ಲೋರಿನ್ ಆಧಾರಿತ ದ್ರಾವಣಗಳು. ಅವು ನೀರಿನ ಜೊತೆಗೆ ಎಣ್ಣೆಯ ಕೊಳೆಯನ್ನೂ ತಡೆಯುತ್ತವೆ, ಆದರೆ ಆ ಬಗೆಯ ರಾಸಾಯನಿಕಗಳು ಪರಿಸರದಲ್ಲಿ ವಿಘಟನೆಯಾಗದೆ ದೀರ್ಘಕಾಲ ಉಳಿಯುವುದರಿಂದ ಫ್ಲೋರಿನ್ ಇಲ್ಲದ ದ್ರಾವಣಗಳೂ ಬಂದಿವೆ. ಇವು ನೀರನ್ನು ತಡೆದರೂ ಎಣ್ಣೆಯನ್ನು ಅಷ್ಟಾಗಿ ತಡೆಯುವುದಿಲ್ಲ. ಆಯ್ಕೆ ನಿಮ್ಮದು. ನಾನಾದರೆ ಬಟ್ಟೆಯ ತಯಾರಕರು ಒಪ್ಪುವ ದ್ರಾವಣವನ್ನೇ ಹುಡುಕುತ್ತೇನೆ. ಅಕ್ರಿಲಿಕ್‌ಗೆ ಸಿಲಿಕೋನ್ ದ್ರಾವಣವನ್ನು ನಾನು ಶಿಫಾರಸು ಮಾಡುವುದಿಲ್ಲ, ಒಮ್ಮೆ ಹಚ್ಚಿದ ಮೇಲೆ ಬೇರೆ ಬಗೆಯ ಲೇಪ ಅದರ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಹತ್ತಿಗೆ ಕ್ಯಾನ್ವಾಸ್‌ಗೆಂದೇ ತಯಾರಿಸಿದ, ಬೂಷ್ಟು ತಡೆಯುವ ಅಂಶವೂ ಇರುವ, ನೀರಿನಲ್ಲಿ ಬೆರೆಯುವ ದ್ರಾವಣ ಸೂಕ್ತ.

ಹಚ್ಚುವಾಗ ಬಟ್ಟೆಯನ್ನು ಚೌಕಟ್ಟಿನ ಮೇಲೆಯೇ ಬಿಗಿಯಾಗಿ ಕಟ್ಟಿರಬೇಕು. ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ನಂತರ ಗಾಳಿ ಜೋರಾಗಿಲ್ಲದ ದಿನ, ಸುಡುಬಿಸಿಲು ಇಲ್ಲದ ಹೊತ್ತಿನಲ್ಲಿ ಹಚ್ಚಿ. ನೀವು ಕೇಳಿದ ಲೆಕ್ಕಕ್ಕೆ ಉತ್ತರ ಎರಡು ಸಲ, ಎರಡೂ ತೆಳುವಾಗಿ, ಮೊದಲನೆಯದು ಒಣಗಿದ ಮೇಲೆ ಎರಡನೆಯದು. ಒಂದೇ ಸಲ ದಪ್ಪವಾಗಿ ಸುರಿದರೆ ಮೇಲೆ ಪಟ್ಟೆಪಟ್ಟೆಯಾಗಿ ಉಳಿಯುತ್ತದೆಯೇ ಹೊರತು ಎಳೆಗಳಿಗೆ ಸಮನಾಗಿ ಹಿಡಿಯುವುದಿಲ್ಲ. ಪಾರದರ್ಶಕ ಕಿಟಕಿಗಳನ್ನು ಮೊದಲೇ ಮುಚ್ಚಿಡಿ. ದ್ರಾವಕ ಬೆರೆತ ಲೇಪಗಳು ತಗುಲಿದರೆ ಆ ವಿನೈಲ್ ಹಾಳೆ ಮಂಜಾಗಿಬಿಡುತ್ತದೆ, ಅದನ್ನು ಮತ್ತೆ ತಿಳಿಯಾಗಿಸುವುದು ಕಷ್ಟ. ಇಂಥ ಲೇಪಗಳು ಹೊತ್ತಿಕೊಳ್ಳುವ ಗುಣದವೂ ಹೌದು, ಆದ್ದರಿಂದ ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡಬೇಡಿ.

ಮೇಣ ಮತ್ತು ಅಗಸೆ ಎಣ್ಣೆಯ ಹಳೆಯ ಪದ್ಧತಿಯನ್ನು ಯಾರಾದರೂ ನಿಮಗೆ ಸೂಚಿಸಬಹುದು. ಹತ್ತಿಗೆ ಮೇಣ ಹಿಡಿಸಿದರೆ ನೀರು ಖಂಡಿತ ನಿಲ್ಲುತ್ತದೆ, ಆದರೆ ಬಟ್ಟೆ ಭಾರವಾಗುತ್ತದೆ, ಉಸಿರಾಟ ನಿಲ್ಲುತ್ತದೆ, ಬಿಸಿಲಿಗೆ ಮೇಣ ಮೆತ್ತಗಾಗಿ ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಅಗಸೆ ಎಣ್ಣೆಯದು ಇನ್ನೂ ಅಪಾಯದ ಮಾತು: ಅದು ಒಣಗುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬಿಸಿ ಹುಟ್ಟಿಸುತ್ತದೆ, ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ದೋಣಿಯಂಥ ಜಾಗದಲ್ಲಿ ಅದು ಬೇಡವೇ ಬೇಡ.

ಇನ್ನು ಹೊಲಿಗೆ. ಅಕ್ರಿಲಿಕ್ ಚಾವಣಿಯಲ್ಲಿ ಬಟ್ಟೆಗಿಂತ ಮೊದಲು ಸಾಯುವುದು ಪಾಲಿಯೆಸ್ಟರ್ ದಾರ, ಬಿಸಿಲಿನ ಅತಿನೇರಳೆ ಕಿರಣಗಳು ಅದನ್ನು ಒಳಗೊಳಗೇ ಜೀರ್ಣಗೊಳಿಸುತ್ತವೆ. ಹೊಲಿಗೆಯ ಮೇಲೆ ಉಗುರಿನಿಂದ ಗೀರಿದಾಗ ದಾರ ಪುಡಿಯಾಗಿ ಕಿತ್ತುಬಂದರೆ, ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಮರುಹೊಲಿಗೆ ಮಾಡಿಸಿ. ಹಳೆಯ ಸೂಜಿತೂತುಗಳ ಮೇಲೆಯೇ ಹೊಲಿಸಿದರೆ ಹೊಸ ತೂತುಗಳು ಕಡಿಮೆಯಾಗುತ್ತವೆ. ಬಿಸಿಲಿಗೆ ಜಗ್ಗದ ಪಿಟಿಎಫ್‌ಇ (ಟೆಫ್ಲಾನ್ ಎಂದು ಪರಿಚಿತವಾದ ಪ್ಲಾಸ್ಟಿಕ್) ದಾರವೂ ಸಿಗುತ್ತದೆ. ಅದರ ಬೆಲೆ ಹೆಚ್ಚು, ಆದರೆ ಮತ್ತೆ ಬಿಚ್ಚಿ ಹೊಲಿಸುವ ಕೂಲಿಯೊಂದಿಗೆ ಹೋಲಿಸಿದರೆ ಅದೇ ಲಾಭವೆಂಬುದು ನನ್ನ ಅಭಿಪ್ರಾಯ. ದಾರ ಗಟ್ಟಿಯಾಗಿದ್ದು ತೂತುಗಳಿಂದ ಮಾತ್ರ ನೀರು ಜಿನುಗುತ್ತಿದ್ದರೆ, ಹೊಲಿಗೆಗೆಂದೇ ಸಿಗುವ ಮುಚ್ಚುದ್ರವವನ್ನು ಸಣ್ಣ ಕುಂಚದಿಂದ ಹಚ್ಚಿ, ಇಲ್ಲವೇ ಜೇನುಮೇಣದ ತುಂಡನ್ನು ಸಾಲಿನುದ್ದಕ್ಕೂ ತಿಕ್ಕಿ.

ದಿನನಿತ್ಯದ ಆರೈಕೆ ಹೆಚ್ಚೇನಿಲ್ಲ. ಕಡಲಲ್ಲಿ ಓಡಾಡಿದ ಮೇಲೆ ಸಿಹಿನೀರಿನಿಂದ ತೊಳೆಯಿರಿ, ಉಪ್ಪಿನ ಹರಳುಗಳು ಗಾಳಿಯ ತೇವವನ್ನು ಸೆಳೆದು ಬಟ್ಟೆಯನ್ನು ಒದ್ದೆಯಾಗಿಯೇ ಇರಿಸುತ್ತವೆ. ಹಕ್ಕಿಗಳ ಹಿಕ್ಕೆಯನ್ನು ಕಂಡ ದಿನವೇ ತೆಗೆಯಿರಿ. ಟಿಚ್ ಬಟನ್‌ಗಳನ್ನು ಬಿಚ್ಚುವಾಗ ಬಟ್ಟೆಯ ತುದಿ ಹಿಡಿದು ಜಗ್ಗದೆ ಗುಂಡಿಯ ಪಕ್ಕದಲ್ಲೇ ಹಿಡಿದು ಎತ್ತಿ. ಪಾರದರ್ಶಕ ಕಿಟಕಿಗಳನ್ನು ಮಡಚದೆ, ನಡುವೆ ಮೆತ್ತನೆಯ ಬಟ್ಟೆಯಿಟ್ಟು ಸುರುಳಿ ಸುತ್ತಿ. ಎತ್ತಿಡುವ ಮುನ್ನ ಚಾವಣಿ ಪೂರ್ತಿ ಒಣಗಿರಲೇಬೇಕು. ಅನಿವಾರ್ಯವಾಗಿ ಒದ್ದೆಯಾಗಿಯೇ ಸುತ್ತಿದ್ದರೆ ಆದಷ್ಟು ಬೇಗ ಬಿಚ್ಚಿ ಹರವಿ. ಹತ್ತಿಯ ವಿಷಯದಲ್ಲಂತೂ ಇದನ್ನು ನಾಳೆಗೆ ಮುಂದೂಡಬೇಡಿ.

ಕೊನೆಯದಾಗಿ, ದ್ರಾವಣ ಕೊಳ್ಳುವ ಮೊದಲು ಹೆಚ್ಚು ಬಿಸಿಲು ಬಿದ್ದಿರುವ ಜಾಗದ ಅಂಚನ್ನು ಎರಡು ಕೈಯ ಬೆರಳುಗಳಲ್ಲಿ ಹಿಡಿದು ಜಗ್ಗಿ ನೋಡಿ. ಅಷ್ಟಕ್ಕೇ ಅದು ಹರಿದರೆ ತೊಳೆತ, ಲೇಪ, ಮರುಹೊಲಿಗೆ ಯಾವುದೂ ಬೇಡ, ಆ ಹಣವನ್ನು ಹೊಸ ಬಟ್ಟೆಗೆ ಹಾಕಿ. ಹಳೆಯ ಚಾವಣಿಯನ್ನು ಮಾತ್ರ ಎಸೆಯದೆ ಜೋಪಾನವಾಗಿ ಹೊಲಿಗೆ ಬಿಚ್ಚಿ ದರ್ಜಿಗೆ ಕೊಡಿ, ಹೊಸದನ್ನು ಕತ್ತರಿಸಲು ಅದೇ ಅಳತೆಯ ಮಾದರಿಯಾಗುತ್ತದೆ. ಹಿಗ್ಗಿ ಜೋತಿದ್ದ ಜಾಗಗಳನ್ನು ಅದರ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಕೊಟ್ಟರೆ, ಅಲ್ಲಿ ಎಷ್ಟು ಬಿಗಿಗೊಳಿಸಬೇಕೆಂಬುದೂ ಅವರಿಗೆ ತಿಳಿಯುತ್ತದೆ.